ಅನ್ಯಗ್ರಹದವರ ನಾಲ್ಕನೇ ಜ್ವರ

“ಸತ್ತಿಲ್ಲ ಕಣ್ರಪ್ಪಾ, ಅವು ಜ್ವರಕ್ಕೆ ಕೂತವೆ!”

ಮುಳಬಾಗಿಲಿನ ಥಿಯೇಟರಿನ ಕತ್ತಲಲ್ಲಿ ಗಂಗಾಲಕ್ಷ್ಮಿ ಎದ್ದು ನಿಂತು ಹೀಗೆ ಕೂಗಿದಾಗ, ಪಕ್ಕದಲ್ಲಿದ್ದ ಗಂಡ ಕದಿರೇಶ್ ನಾಚಿಕೆಯಿಂದ ಸೀಟಿನಲ್ಲೇ ಮುದುಡಿಕೊಂಡ. ಪರದೆಯ ಮೇಲೆ ಬೇರೆ ಗ್ರಹದಿಂದ ಇಳಿದಿದ್ದ ಬಸ್ಸಿನಷ್ಟು ದಪ್ಪದ ಬಿಳಿ ಹುಳುಗಳು ಅರ್ಧ ಅಮೆರಿಕವನ್ನು ಮೇಯ್ದು, ಇದ್ದಕ್ಕಿದ್ದಂತೆ ತಲೆಯೆತ್ತಿ ಅಲ್ಲಾಡದೆ ನಿಂತುಬಿಟ್ಟಿದ್ದವು. “ಅನ್ನೀ ಚಚ್ಚಿಪೋಯಾಯಿ ಸಾರ್!” ಎಂದು ಅಮೆರಿಕದ ಸೇನಾಧಿಕಾರಿ ಅಚ್ಚ ತೆಲುಗಿನಲ್ಲಿ ವರದಿ ಒಪ್ಪಿಸಿದ್ದ. ಎಲ್ಲಾ ಸತ್ತವೆಂದು ನಂಬಿ ಜನ ಬೀದಿಬೀದಿಯಲ್ಲಿ ಕುಣಿಯುತ್ತಿದ್ದರು.

“ಕೂತ್ಕೊಳ್ಳೇ, ಮಾನ ಹೋಗ್ತದೆ.”

“ನಾನೇನು ಸುಳ್ಳು ಹೇಳಿದ್ನಾ? ತಲೆ ಎತ್ತಿರೋದು ನೋಡ್ರಿ. ಎದ್ದ ಮೇಲೆ ಇನ್ನೂ ಜಾಸ್ತಿ ತಿಂತವೆ.”

ರೇಷ್ಮೆ ಸಾಕುವವರ ಬಾಯಲ್ಲಿ ಅದಕ್ಕೆ ಜ್ವರವೆಂದೇ ಹೆಸರು. ಪೊರೆ ಬಿಡುವ ಮುನ್ನ ಹುಳು ಒಂದು ದಿನ ಸೊಪ್ಪು ಮುಟ್ಟದೆ, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ಅಂಥ ನಾಲ್ಕು ಜ್ವರ. ಹುತ್ತೂರಿನ ಇವರ ಮನೆಯ ಹುಳುಗಳೂ ನಿನ್ನೆ ನಾಲ್ಕನೆಯದಕ್ಕೆ ಕೂತಿದ್ದರಿಂದಲೇ ಗಂಡ ಹೆಂಡತಿಗೆ ಸಿನಿಮಾ ನೋಡುವಷ್ಟು ಬಿಡುವು ಸಿಕ್ಕಿತ್ತು. ಕದಿರೇಶನದು ಇಪ್ಪತ್ತು ವರ್ಷದ ಹಸಿವು. ಈ ಸಿನಿಮಾದ ಮೊದಲ ಭಾಗವನ್ನು ಮದುವೆಯಾದ ಹೊಸದರಲ್ಲಿ ಇದೇ ಊರಲ್ಲಿ ಅರ್ಧ ನೋಡಿದ್ದರು. ಇಂಟರ್‌ವಲ್ ಮುಗಿಯುತ್ತಿದ್ದಂತೆ ಪರದೆಯ ಮೇಲೆ ಕೈಬರಹದ ಸ್ಲೈಡು ಬಿದ್ದಿತ್ತು: ‘ಹುತ್ತೂರು ಕದಿರೇಶ್ ಮನೆಗೆ ಬರಬೇಕು, ಹುಳ ಎದ್ದಿವೆ.’ ಅವನ ಅವ್ವ ಮುನಿಶಾಮಮ್ಮ ಆಳು ಅಟ್ಟಿದ್ದಳು. ಗಂಗಾಲಕ್ಷ್ಮಿ ಅವನ ಕೈ ಹಿಡಿದು ಎಳೆದುಕೊಂಡೇ ಹೊರಟಿದ್ದಳು. ಎರಡನೇ ಭಾಗ ಬರುತ್ತದೆಂಬ ಸುದ್ದಿ ಕೇಳಿದ ಮೇಲೆಯೇ, ಮೊದಲನೆಯದರಲ್ಲಿ ಭೂಮಿ ಉಳಿದಿತ್ತೆಂದು ಅವನಿಗೆ ಖಾತ್ರಿಯಾದದ್ದು. ಈ ಸಲ ಆಕಾಶವೇ ಬೀಳಲಿ, ಕೊನೆ ನೋಡಿಯೇ ಏಳುವುದೆಂದು ಪಣ ತೊಟ್ಟು ಬಂದಿದ್ದ.

ಅಷ್ಟರಲ್ಲಿ ಪರದೆಯ ಮೇಲಿನ ಹುಳುಗಳ ಚರ್ಮ ಪಟಪಟ ಬಿರಿಯಿತು. ಒಳಗಿಂದ ಇನ್ನೂ ದೊಡ್ಡವು ಎದ್ದವು. ಇಡೀ ಥಿಯೇಟರು ಪರದೆ ಬಿಟ್ಟು ಗಂಗಾಲಕ್ಷ್ಮಿಯ ಕಡೆ ತಿರುಗಿತು.

“ಅಕ್ಕಾ, ಇಪ್ಪುಡೇಮಿ ಅವುತಾದಿ?” ಮುಂದೇನಾಗುತ್ತದೆಂದು ಹಿಂದಿನ ಸಾಲಿನವನೊಬ್ಬ ಭಯಭಕ್ತಿಯಿಂದ ಕೇಳಿದ.

“ಏಳು ದಿನ ಹೊಟ್ಟೆ ಬಿರಿಯ ತಿಂತವೆ. ಆಮೇಲೆ ಗೂಡು ಕಟ್ತವೆ.”

ಅಮೆರಿಕದ ವಿಜ್ಞಾನಿಗೆ ಅದನ್ನು ಕಂಡುಹಿಡಿಯಲು ಅರ್ಧ ಗಂಟೆಯೂ ನಾಲ್ಕು ಹೆಲಿಕಾಪ್ಟರುಗಳೂ ಬೇಕಾದವು. ಆಮೇಲೆ ಥಿಯೇಟರಿನ ಜನ ಅವನನ್ನು ನಂಬುವುದನ್ನೇ ಬಿಟ್ಟರು. ಆಗ ನಾಚಿದ್ದ ಕದಿರೇಶ್ ಈಗ ಎದೆಯುಬ್ಬಿಸಿ, “ನಮ್ಮನೆಯವಳೇ” ಎಂದು ಆಚೆ ಸೀಟಿನವನಿಗೆ ಕೇಳದಿದ್ದರೂ ಹೇಳಿದ.

ಆಗಲೇ ಜೇಬಿನ ಫೋನು ಬಡಿದುಕೊಂಡಿತು. ಮುನಿಶಾಮಮ್ಮನ ದನಿ ಮೂರು ಸಾಲಿಗೆ ಕೇಳಿಸಿತು.

“ಲೇ ಕದಿರೇಶಾ, ಹುಳ ಏಳ್ತಾ ಅವೆ ಕಣೋ! ಎಲ್ಲಿ ಸತ್ತಿದ್ದೀಯಾ? ಬಿರ್‍ರನೆ ಬಾ!”

ಕದಿರೇಶನಿಗೆ ಅಳುವೇ ಬಂದಂತಾಯಿತು. ಹಣೆಬರಹವೆಂದುಕೊಂಡು ಎದ್ದ. ಗಂಗಾಲಕ್ಷ್ಮಿ ಅಂಗಿ ಹಿಡಿದು ಜಗ್ಗಿ ಕೂರಿಸಿದಳು.

“ಕೂತ್ಕೊಳ್ಳಿ. ಎಲ್ಲಾ ಎದ್ದ ಮೇಲೆ ಒಟ್ಟಿಗೆ ಸೊಪ್ಪು ಹಾಕೋದು. ಎರಡು ಗಂಟೆ ಕಾದ್ರೆ ಏನೂ ಆಗಲ್ಲ.”

ಸೊಪ್ಪು ಕೊಯ್ದು ತರುವುದಷ್ಟೇ ಕದಿರೇಶನ ಕೆಲಸ. ಹುಳುವಿನ ಹೊತ್ತುಗೊತ್ತೆಲ್ಲ ಮನೆಯ ಹೆಂಗಸರ ಪಾಲಿನದು. ಅವನು ಬಾಯಿಬಿಟ್ಟು ನೋಡಿದ. “ಮತ್ತೆ ಆವತ್ತು ನನ್ನ ದರದರ ಎಳ್ಕೊಂಡು ಓಡಿದೆ?”

“ಆವತ್ತೂ ಗೊತ್ತಿತ್ತು. ಹೊಸ ಸೊಸೆ, ಅತ್ತೆ ಕರೆದ್ರೆ ಬರಲ್ಲ ಅನ್ನೋಕಾಗ್ತದಾ?”

ಇಪ್ಪತ್ತು ವರ್ಷದ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಮಾಡಿಕೊಂಡು ಕೂತರೆ ಸಿನಿಮಾ ತಪ್ಪುತ್ತದಲ್ಲ, ಮನೆಗೆ ಹೋಗಿ ಮಾಡಿಕೊಂಡರಾಯಿತೆಂದು ಪರದೆಯತ್ತ ತಿರುಗಿದ.

ಅಲ್ಲಿ ನಗರಗಳ ತುಂಬ ಗೂಡುಗಳು. ಬಿದ್ದ ಬಾಂಬುಗಳು ಪುಟಿದು ವಾಪಸು ಬರುತ್ತಿದ್ದವು.

“ಅಕ್ಕಾ, ಇವನ್ನ ಸಾಯಿಸೋದು ಹೆಂಗಕ್ಕಾ?”

“ಅದಕ್ಯಾಕಪ್ಪಾ ಬಾಂಬು? ನೂಲು ತೆಗೆಯೋಕೆ ನಮ್ಮ ಗೂಡು ಹಾಕ್ತಾರಲ್ಲ, ಹಂಗೆ ಕುದಿಯೋ ನೀರಿಗೆ ಹಾಕಿದ್ರೆ ಆಯ್ತು.”

ಹತ್ತು ನಿಮಿಷದ ನಂತರ ವಿಜ್ಞಾನಿ ಅದನ್ನೇ ಮಾಡಿದ. ಥಿಯೇಟರಿನ ಮಾಡು ಹಾರಿಹೋಗುವಂತೆ ಶಿಳ್ಳೆ ಬಿತ್ತು. ಕದಿರೇಶ್ ಸೀಟಿನ ಮೇಲೆ ಹತ್ತಿ, ಬಾಯಿಗೆ ಬೆರಳಿಟ್ಟು ತಾನೂ ಹೊಡೆದ. ಕಡೆಗೂ ಭೂಮಿ ಅವನ ಕಣ್ಣೆದುರಿಗೇ ಉಳಿದಿತ್ತು. ಗಂಗಾಲಕ್ಷ್ಮಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕುದಿಯುವ ನೀರಿನಲ್ಲಿ ತೇಲುತ್ತಿದ್ದ ಒಂದು ಗೂಡಿನೊಳಗೆ ಏನೋ ಮಿಸುಕಿ, ನಿಂತುಹೋಯಿತು. ತಾನು ಆ ಉಪಾಯ ಹೇಳಬಾರದಿತ್ತು ಎನ್ನಿಸಿ ಅವಳಿಗೆ ಸಂಕಟವಾಯಿತು.

ಮನೆ ಸೇರುವಾಗ ಸಂಜೆ ಏಳು. ಹುಳುಗಳಿಗೆ ಸೋಂಕು ತಗುಲದಂತೆ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲದ್ದಿ ಹುಳುಮನೆಯೊಳಗೆ ಬಂದರು. ಸೊಪ್ಪಿನ ಹೊರೆ ಹೊತ್ತಿದ್ದ ಕದಿರೇಶ್ ಸಿಟ್ಟನ್ನು ಪೂರ್ತಿ ಮರೆತು, ಕ್ಲೈಮ್ಯಾಕ್ಸನ್ನು ಅಭಿನಯದ ಸಮೇತ ಇನ್ನೊಮ್ಮೆ ಹೇಳುತ್ತಿದ್ದ. “ಬಿಸಿನೀರು ಬಿತ್ತು ನೋಡು, ಬುಸ್ಸಂತ ಹೊಗೆ! ಒಂದೇ ಒಂದು ಉಳೀಲಿಲ್ಲ...”

ಜ್ವರ ಬಿಟ್ಟು ಎದ್ದಿದ್ದ ಸಾವಿರಾರು ಹುಳುಗಳು ಹಸಿದು, ತಲೆಯೆತ್ತಿ, ಅವರಿಬ್ಬರ ಕಡೆಗೇ ನೋಡುತ್ತಿದ್ದವು.

ಗಂಗಾಲಕ್ಷ್ಮಿ ಗಂಡನ ಬಾಯಿಗೆ ಕೈ ಅಡ್ಡ ಹಿಡಿದಳು.

“ಶ್... ಮೆಲ್ಲಗೆ ಮಾತಾಡ್ರೀ. ಇವಕ್ಕೆ ಇನ್ನೂ ಮೊದಲನೇ ಭಾಗ ನಡೀತಾ ಅದೆ.”