ಸೀದ ಬೆಳ್ಳುಳ್ಳಿ

ನಿಂಬೆಸಿಪ್ಪೆ, ಲವಂಗ ಹಾಕಿದ ನೀರು ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದರೂ ಸೀದ ಬೆಳ್ಳುಳ್ಳಿಯ ಘಾಟು ಜಪ್ಪಯ್ಯ ಅಂದರೂ ಮನೆ ಬಿಟ್ಟು ಹೋಗುತ್ತಿರಲಿಲ್ಲ. "ನೆಂಟರು ಬರೋ ಹೊತ್ತಿಗೇ ಇದೇನೇ ನಿನ್ನ ಅವಾಂತರ! ಪಕ್ಕದ ಮನೆ ಬೆಕ್ಕೂ ಓಡಿಹೋಯ್ತು," ಎನ್ನುತ್ತಾ ಅತ್ತೆ ಟವೆಲ್ಲು ಬೀಸುತ್ತಿದ್ದರು.

ಸೊಸೆ ತಲೆ ತಗ್ಗಿಸಿದಳು. ಹೋದ ವರ್ಷದ ಜ್ವರ ಅವಳ ಮೂಗಿನಿಂದ ವಾಸನೆಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಅಂದಿನಿಂದ ಅವಳಿಗೆ ಅತ್ತೆಯ ಮೂಗೇ ಗತಿ. ಹಾಲು ಕೆಟ್ಟಿದೆಯೋ ಇಲ್ಲವೋ ಅವರನ್ನು ಕೇಳಿಯೇ ತಿಳಿಯಬೇಕು. ಕೂಸಿನ ನೆತ್ತಿಗೆ ಮೂಗೊತ್ತಿದರೆ ಬರೀ ಬೆಚ್ಚಗಿರುತ್ತಿತ್ತು, ಅಷ್ಟೇ.

"ಈಗ ಹೋಯ್ತಾ ಅತ್ತೆ?" ಎಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಏಳು ಸಮುದ್ರದಾಚೆಯಿಂದ ದಾರಿ ಹುಡುಕಿಕೊಂಡು ಬಂದಂತೆ, ಕೂದಲೆಳೆಯಷ್ಟು ಸಣ್ಣದೊಂದು ಕಮರು ವಾಸನೆ ಅವಳ ಮೂಗಿನೊಳಗೆ ಕಾಲಿಟ್ಟಿತು.

"ಅತ್ತೆ... ಕಹಿಕಹಿಯಾಗಿ, ಗಂಟಲಿಗೆ ಹತ್ತೋ ಹಾಗೆ... ಹೀಗೇನಾ ಇರೋದು?"

ಅತ್ತೆಯ ಕೈಯ ಟವೆಲ್ಲು ಕೆಳಗೆ ಬಿತ್ತು. ಅವರು ದಡಬಡ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದರು, ನಿಂಬೆನೀರಿನ ಒಲೆ ಆರಿಸಿದರು. ಕರಕಲಾದ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಖದ ಹತ್ತಿರ ಹಿಡಿದರು.

"ನೆಂಟರು ಬೇಕಾದ್ರೆ ಮೂಗು ಮುಚ್ಕೊಳ್ಳಲಿ. ನೀನು ಎಳ್ಕೊಳ್ಳೇ ನನ್ನವ್ವ, ಚೆನ್ನಾಗಿ ಎಳ್ಕೋ."