ಕೆನ್ನೆಗೆ ಟೇಪು

ಈ ಎರಡು ಕೆನ್ನೆಯ ಆಣೆಗೂ ಇದು ನಡೆದದ್ದೇ. ಇವು ಜೋತುಬಿದ್ದು ಅಂಗಿಯ ಕಾಲರ್ ಮೇಲೆ ಕೂತಿದ್ದವು. ಹೆಂಡತಿ ಸತ್ತು ಆರು ವರ್ಷವಾಗಿತ್ತು, ನಾನು ಮತ್ತೆ ಹೆಣ್ಣು ನೋಡಲು ಹೊರಟಿದ್ದೆ.

"ಈ ಮುಖ ಹೊತ್ಕೊಂಡ್ ಹೋದ್ರೆ ಕಾಫಿನೂ ಕೊಡಲ್ಲ ಕಣೋ," ಎಂದ ಕ್ಷೌರದಂಗಡಿಯ ನಿಂಗರಾಜ. ಅವನೂ ಹೆಂಡತಿ ಸತ್ತವನು, ನನ್ನ ವಾರಿಗೆಯವನು. ನನ್ನ ಕೆನ್ನೆಗಳನ್ನು ಮೇಲಕ್ಕೆಳೆದು, ಕಿವಿಯ ಹಿಂದೆ ಟೇಪು ಅಂಟಿಸಿ, ಅದರ ಮೇಲೆ ಪೇಟ ಸುತ್ತಿದ. ಕನ್ನಡಿಯಲ್ಲಿದ್ದ ಹುಡುಗನನ್ನು ನಾನೇ "ಯಾರ ಮಗನಪ್ಪಾ?" ಎಂದು ಕೇಳಿದೆ.

ನಿಂಗರಾಜ ತಾನೂ ಪೇಟ ಸುತ್ತಿಕೊಂಡು ಜೊತೆಗೆ ಬಂದ. ಹೆಣ್ಣು ಉಪ್ಪಿಟ್ಟು ತಂದಿಟ್ಟು ನನ್ನನ್ನು ನೋಡಿ ನಾಚಿದಳು.

"ಎಷ್ಟ್ ಬೆವರ್ತಿದ್ದೀಯೋ!" ಎನ್ನುತ್ತ ನಿಂಗರಾಜ ನನ್ನ ಪೇಟ ಎತ್ತಿಬಿಟ್ಟ. ಟೇಪೂ ಕಿತ್ತು ಬಂತು. ಕೆನ್ನೆಗಳು ಬಿದ್ದ ರಭಸಕ್ಕೆ ಉಪ್ಪಿಟ್ಟು ಸೂರಿಗೆ ಹಾರಿತು.

"ಥೂ, ಮೋಸ!" ಎಂದಳು ಅವಳು. ಆಮೇಲೆ ನಿಂಗರಾಜನ ಕಡೆ ತಿರುಗಿ, "ಇವ್ರ ಮುಖ ನೋಡಿ, ಎಷ್ಟ್ ಗಟ್ಟಿಯಾಗಿದೆ," ಎಂದಳು.

ಅವರ ಮದುವೆಯಾಗಿ ತಿಂಗಳಾಯಿತು. ಅವನು ಮಲಗುವಾಗಲೂ ಪೇಟ ತೆಗೆಯುವುದಿಲ್ಲವಂತೆ. ನಾಳೆ ಹೊಸ ಜೋಡಿ ನಿಮ್ಮ ಮನೆಗೆ ಊಟಕ್ಕೆ ಬರುತ್ತದಲ್ಲ, "ಸೆಕೆ ಜಾಸ್ತಿ" ಅಂತ ಆ ಪೇಟ ಒಂದು ಸಲ ಎತ್ತಿಬಿಡಿ.