ಅಣ್ಣನ ಗೋಡೆಗೆ ಕಂಬಿ

ಡ್ರಿಲ್ಲಿನ ಸದ್ದು ಕಿವಿಗೆ ಬಿದ್ದದ್ದೇ ತಡ, ದರ್ಜಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು ಬರಿಗಾಲಲ್ಲೇ ಹಿತ್ತಲಿಗೆ ಓಡಿದ. ತಡೆಗೋಡೆಯ ಬುಡದಲ್ಲಿ ಮೇಸ್ತ್ರಿ ಮಂಡಿಯೂರಿ ಕೂತಿದ್ದ. ಮೊದಲನೆಯ ತೂತು ಆಗಲೇ ಅರ್ಧ ಗೇಣು ಒಳಗೆ ಹೋಗಿತ್ತು.

"ನಿಲ್ಸಿ ಮೇಸ್ತ್ರಿ. ಅಣ್ಣನ್ನ ಕೇಳೋವರೆಗೂ ಗೋಡೆ ಮುಟ್ಟಬೇಡಿ ಅಂದಿದ್ನಲ್ಲ?"

"ಕೇಳ್ಕೊಂಡೇ ಕೊರೀತಿರೋದು. ಬೆಳಗ್ಗೆ ನಾನೇ ಹತ್ತಿ ಹೋಗಿ ಬಂದೆ. ನಿಮಗ್ಯಾಕೆ ತೊಂದರೆ ಅಂತ."

ದರ್ಜಿ ತಲೆಯೆತ್ತಿ ಇಳಿಜಾರಿನ ಮೇಲಕ್ಕೆ ನೋಡಿದ. ಮೇಲಿನ ಮನೆ ಅಣ್ಣನದು, ಕೆಳಗಿನದು ಇವನದು. ಮೇಲಿನ ಮಣ್ಣು ಕೆಳಗೆ ಕುಸಿಯದಂತೆ ಅಣ್ಣ ಕಟ್ಟಿಸಿದ್ದು ಈ ಗೋಡೆ. ಇಬ್ಬರ ನಡುವೆ ಮಾತು ನಿಂತದ್ದು ಯಾವುದೋ ನೀರಿನ ಪೈಪಿನ ವಿಷಯಕ್ಕೆ. ಪೈಪು ತುಕ್ಕು ಹಿಡಿದು ಉದುರಿಹೋಯಿತು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಹೆಂಡತಿ ತೀರಿಕೊಂಡ ಮೇಲಂತೂ ದರ್ಜಿಯ ಮನೆಯಲ್ಲಿ ಬಾಯಿ ಬಿಡುವುದು ಹೊಲಿಗೆ ಯಂತ್ರ ಒಂದೇ. ಬೆಳಗಾದರೆ ಗೋಡೆಯ ಮೇಲಿನಿಂದ ಅಣ್ಣನ ಕೆಮ್ಮು ಕೇಳುತ್ತಿತ್ತು. ಅದು ಕೇಳದ ದಿನ ಇವನಿಗೆ ತುತ್ತು ಇಳಿಯುತ್ತಿರಲಿಲ್ಲ. ಆದರೂ ಮೆಟ್ಟಿಲು ಹತ್ತಲು ಒಂದು ನೆಪ ಬೇಕಲ್ಲ!

ಆ ನೆಪವನ್ನು ಕೊಟ್ಟವನೂ ಇದೇ ಮೇಸ್ತ್ರಿಯೇ. ಹಿತ್ತಲಿಗೆ ಹಾಕುವ ಕಾಂಕ್ರೀಟ್ ಹಾಸನ್ನು ಕಂಬಿ ತೂರಿಸಿ ಗೋಡೆಗೆ ಬಿಗಿಯಬೇಕು, ಇಲ್ಲದಿದ್ದರೆ ಹಾಸು ಕೆಳಗಿಳಿದು ಗೋಡೆಯ ಬಳಿ ಬಿರುಕು ಬಿಡುತ್ತದೆ, ಗೋಡೆಯವರನ್ನು ಒಂದು ಮಾತು ಕೇಳಿ ಎಂದಿದ್ದ. ಅಂದಿನಿಂದ ದರ್ಜಿ ಬಟ್ಟೆ ಕತ್ತರಿಸುತ್ತಲೇ, ಅಣ್ಣಾ, ನಿನ್ನ ಗೋಡೆಗೆ ಎರಡು ಕಂಬಿ ಹಾಕ್ಕೊಳ್ಳಲಾ ಎಂದು ಬಾಯಿಪಾಠ ಮಾಡುತ್ತಿದ್ದ. ಇವತ್ತು ಹೋಗಿಯೇ ಬಿಡೋಣವೆಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಏನಂದ ಅಣ್ಣ?"

"ಹಾಕ್ಕೊಳ್ಳಲಿ ಅಂದ್ರು."

"ಅಷ್ಟೇನಾ?"

ಮೇಸ್ತ್ರಿ ಡ್ರಿಲ್ಲನ್ನು ಕೆಳಗಿಟ್ಟು ತಲೆ ಕೆರೆದುಕೊಂಡ. "ಅವನಿಗೇನು ಕಾಲು ನೋವಾ ಅಂತ ಕೇಳಿದ್ರು. ಇಲ್ಲ, ಗುಂಡುಕಲ್ಲಿನ ಹಾಗಿದ್ದಾರೆ ಅಂದೆ. ಒಳಗೆ ಹೋಗಿ ಕಿಟಕಿ ಹಾಕ್ಕೊಂಡ್ರು."

ಅಣ್ಣನೂ ಕಾಯುತ್ತಿದ್ದನೇ? ತಮ್ಮನಾದವನು ಕಾಲು ಗಟ್ಟಿಯಿದ್ದೂ ಆಳನ್ನು ಕಳಿಸಿದ ಎಂದುಕೊಂಡಿರುತ್ತಾನೆ. ಈಗ ಮೇಲೆ ಹೋಗಿ ಏನೆಂದು ಬಾಯಿ ತೆರೆಯುವುದು? ಕೇಳಬೇಕಾದದ್ದನ್ನು ಮೇಸ್ತ್ರಿ ಕೇಳಿ ಮುಗಿಸಿದ್ದ. ಮೇಲಿನ ಕಿಟಕಿ ಮುಚ್ಚಿತ್ತು.

ಅವನು ಬಗ್ಗಿ, ತೂತಿನಿಂದ ಉದುರಿದ ಪುಡಿಯನ್ನು ಬೆರಳಲ್ಲಿ ಸವರಿದ.

"ಕಂಬಿ ಬೇಡ ಮೇಸ್ತ್ರಿ. ಈ ತೂತು ಮುಚ್ಚಿಬಿಡಿ. ಗೋಡೆಗೆ ತಾಗಿಸಿ ಹಾಗೇ ಹಾಸಿ."

"ಬಿರುಕು ಬಿಡುತ್ತೆ ಅಂತ ಹೇಳಿದ್ನಲ್ಲ?"

"ಬಿಡಲಿ. ಆಗ ಅಣ್ಣನ್ನ ಕೇಳೋಕೆ ನಾನೇ ಹೋಗ್ತೀನಿ. ನೀವು ಮಾತ್ರ ಹೋಗಬೇಡಿ."